ಮೊಣಕಾಲು ದಾಟಿದ ಟೊಂಕ ನೋವು, ದಾಟದ ನೋವು

“ಬೆನ್ನಾಗ ಗ್ಯಾಪ್ ಬಂದೈತಿ ಅಂದಾರ್ರೀ.” ಟೊಂಕ ನೋವಿನವರು ಎಕ್ಸ್‌ರೇ ಕವರನ್ನು ಮೇಜಿನ ಮೇಲಿಟ್ಟು ಮಾತು ಶುರು ಮಾಡುವುದೇ ಹೀಗೆ. ನಿಜ ಹೇಳಬೇಕೆಂದರೆ ಗ್ಯಾಪ್ ಬರುವಂಥದ್ದಲ್ಲ, ಮೊದಲಿಂದಲೂ ಇರಬೇಕಾದದ್ದು. ಎರಡು ಮಣಿಮೂಳೆಗಳ ನಡುವಿನ ಡಿಸ್ಕ್ ಮೆತ್ತಗಿರುವುದರಿಂದ ಎಕ್ಸ್‌ರೇಯಲ್ಲಿ ಮೂಡುವುದಿಲ್ಲ, ಆ ಜಾಗ ಖಾಲಿ ಕಾಣುತ್ತದೆ. ವಯಸ್ಸಾದಂತೆ ಡಿಸ್ಕಿನ ನೀರಿನಂಶ ಒಣಗಿ ಗ್ಯಾಪ್ ಕಡಿಮೆಯಾಗುತ್ತದೆ, ಅಷ್ಟೆ. ಎಂಆರ್‌ಐ ಕಥೆಯೂ ಬೇರೆಯಲ್ಲ. ಯಾವ ನೋವೂ ಇಲ್ಲದವರನ್ನು ಸ್ಕ್ಯಾನ್ ಮಾಡಿದ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2015ರಲ್ಲಿ ಲೆಕ್ಕ ಹಾಕಿದಾಗ, 20ರ ವಯಸ್ಸಿನವರಲ್ಲೇ ನೂರಕ್ಕೆ 30 ಜನರಲ್ಲಿ ಡಿಸ್ಕ್ ಉಬ್ಬಿತ್ತು. 80ರ ವಯಸ್ಸಿನಲ್ಲಿ ನೂರಕ್ಕೆ 84 ಜನರಲ್ಲಿ. ವರದಿಯಲ್ಲಿ ‘ಬಲ್ಜ್’ ಎಂದು ಬರೆದಿದೆ ಎಂದ ಮಾತ್ರಕ್ಕೆ ನೋವಿನ ಕಾರಣ ಸಿಕ್ಕಿತು ಎಂದು ತಿಳಿಯಬಾರದು.

ಚಿಕಿತ್ಸೆಯ ದಾರಿ ಕವಲೊಡೆಯುವುದು ಒಂದು ಸಾದಾ ಪ್ರಶ್ನೆಯಲ್ಲಿ: ನೋವು ಎಲ್ಲಿಯವರೆಗೆ ಇಳಿಯುತ್ತದೆ? ಟೊಂಕದಲ್ಲೇ ನಿಂತರೆ, ಅಥವಾ ಪಿರ್ರೆ, ತೊಡೆಯವರೆಗೆ ಮಂದವಾಗಿ ಹಬ್ಬಿದರೆ, ಅದು ಬಹುತೇಕ ಸ್ನಾಯು, ಕೀಲು, ಡಿಸ್ಕಿನ ಹೊರಪದರದ ನೋವು. ಹತ್ತರಲ್ಲಿ ಎಂಟು-ಒಂಬತ್ತು ಜನರದ್ದು ಇದೇ. ಮೊಣಕಾಲು ದಾಟಿ ಮೀನಖಂಡ, ಪಾದದವರೆಗೆ ಕರೆಂಟು ಹೊಡೆದಂತೆ ಇಳಿದು, ಜೋಮು ಹಿಡಿದರೆ ನರ ಒತ್ತಿದೆ ಎಂದರ್ಥ. ಅಂಗಾತ ಮಲಗಿಸಿ ಕಾಲನ್ನು ನೆಟ್ಟಗೆ ಎತ್ತಿದಾಗ 30ರಿಂದ 70 ಡಿಗ್ರಿಯೊಳಗೆ ಆ ಸೆಳೆತ ಕಾಲಲ್ಲಿ ಇಳಿದರೆ ಅನುಮಾನ ಗಟ್ಟಿಯಾಗುತ್ತದೆ. ಹಿಮ್ಮಡಿಯ ಮೇಲೆ ನಡೆಯಲಾಗದಿದ್ದರೆ, ಕಾಲ ಹೆಬ್ಬೆರಳನ್ನು ಮೇಲೆತ್ತಲು ಬಲ ಸಾಲದಿದ್ದರೆ ಒತ್ತಿರುವುದು ಟೊಂಕದ ಐದನೇ ನರ, ಅಂದರೆ ಎಲ್5. ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ಅದರ ಕೆಳಗಿನ ಎಸ್1 ನರ. ನಡೆಯುವಾಗ ಒಂದೇ ಕಾಲಿನ ಚಪ್ಪಲಿ ತಿಳಿಯದಂತೆ ಜಾರಿ ಹಿಂದೆ ಉಳಿಯುತ್ತಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಚಪ್ಪಲಿ ಹಳತಾಗಿದೆ ಎಂದು ಹೊಸದು ಕೊಂಡು ತಿಂಗಳು ಕಳೆಯುವವರಿದ್ದಾರೆ.

ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಮಲದ ಹಿಡಿತ ತಪ್ಪುವುದು, ಸೈಕಲ್ ಸೀಟು ತಾಗುವ ಜಾಗ ಮರಗಟ್ಟುವುದು: ಇವು ಕಂಡರೆ ಅಂದೇ ದೊಡ್ಡಾಸ್ಪತ್ರೆ ಸೇರಬೇಕು. ಒತ್ತಿದ ನರಗುಚ್ಛವನ್ನು ಆದಷ್ಟು ಬೇಗ, 48 ಗಂಟೆಯೊಳಗಾದರೂ ಬಿಡಿಸದಿದ್ದರೆ ಮೂತ್ರದ ಹಿಡಿತ ಮರಳುವ ಸಾಧ್ಯತೆ ಕುಗ್ಗುತ್ತದೆ. ಸಂಜೆ ಜ್ವರ, ತೂಕ ಇಳಿಕೆ, ಮಲಗಿದರೂ ಬಿಡದ ರಾತ್ರಿ ನೋವು ಇದ್ದರೆ ಕ್ಷಯವೋ ಗಡ್ಡೆಯೋ ನೋಡಬೇಕು. ಕುರಿ-ಆಡು ಸಾಕುವವರು, ಕಾಯಿಸದ ಹಾಲು ಕುಡಿಯುವವರು ಗದಗ, ಹಾವೇರಿ ಕಡೆ ಬಹಳ ಇರುವುದರಿಂದ ಬ್ರುಸೆಲ್ಲಾ ಸೋಂಕನ್ನೂ ಮರೆಯುವಂತಿಲ್ಲ. ಬೆನ್ನೆಲುಬಿನ ಕ್ಷಯಕ್ಕೆ ಸಾಮಾನ್ಯವಾಗಿ 12 ತಿಂಗಳ ಔಷಧ, ಬ್ರುಸೆಲ್ಲಾಗೆ ಕನಿಷ್ಠ 3 ತಿಂಗಳು. ಎರಡರಲ್ಲೂ ನೋವಿನ ಗುಳಿಗಿ ಹೊತ್ತು ಕಳೆಯುತ್ತದೆಯೇ ಹೊರತು ರೋಗ ಕಳೆಯುವುದಿಲ್ಲ. ಅರವತ್ತು ದಾಟಿದ ಹೆಣ್ಣುಮಕ್ಕಳು ಬಸ್ಸಿನ ಕಡೇ ಸೀಟಿನಲ್ಲಿ ಕೂತಾಗ ಹಂಪ್ ಎಗರಿ, ಆ ಕ್ಷಣದಿಂದಲೇ ನೋವು ಹಿಡಿದಿದ್ದರೆ ಮೊದಲು ಎಕ್ಸ್‌ರೇ ತೆಗೆಸಬೇಕು. ಸವೆದ ಮೂಳೆ ಅಷ್ಟು ಜಿಗಿತಕ್ಕೇ ಕುಸಿಯುತ್ತದೆ. ಇನ್ನು 40ರೊಳಗಿನ ಹುಡುಗರಿಗೆ ಬೆಳಗ್ಗೆ ಅರ್ಧ ಗಂಟೆ ಮೀರಿ ಬೆನ್ನು ಬಿಗಿದು, ಓಡಾಡಿದ ಮೇಲೆ ಸಡಿಲವಾಗುತ್ತಿದ್ದರೆ ಅದು ಸಂಧಿವಾತದ ಜಾತಿಯದ್ದು, ಅದರ ತಜ್ಞರನ್ನೇ ಕಾಣಬೇಕು.

ಇವು ಯಾವುವೂ ಇಲ್ಲವೆಂದಾದರೆ ಮೊದಲ ಆರು ವಾರ ಸ್ಕ್ಯಾನ್ ಬೇಡ. ಹಾಸಿಗೆ ಹಿಡಿಯುವುದು ಹೆಚ್ಚೆಂದರೆ ಎರಡು ದಿನ. ಅದಕ್ಕಿಂತ ಹೆಚ್ಚು ಮಲಗಿದಷ್ಟೂ ಬೆನ್ನಿನ ಸ್ನಾಯು ಸೋಲುತ್ತದೆ. ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ ಇಟ್ಟುಕೊಳ್ಳಬಹುದು. ಸಕ್ಕರೆ ಕಾಯಿಲೆಯಿಂದ ಚರ್ಮ ಮರಗಟ್ಟಿದವರು ಸುಟ್ಟುಕೊಳ್ಳುವುದು ಇಲ್ಲಿಯೇ, ಅವರು ಹುಷಾರಾಗಿರಬೇಕು.

ಗುಳಿಗಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬರೀ ಪ್ಯಾರಾಸಿಟಮಾಲ್ ಹೊಸ ಟೊಂಕ ನೋವನ್ನು ಬೇಗ ವಾಸಿ ಮಾಡುವುದಿಲ್ಲ. 2014ರಲ್ಲಿ ಆಸ್ಟ್ರೇಲಿಯಾದ ದೊಡ್ಡ ಅಧ್ಯಯನದಲ್ಲಿ ಅದು ಔಷಧವಿಲ್ಲದ ಹುಸಿ ಗುಳಿಗಿಯಷ್ಟೇ ಕೆಲಸ ಮಾಡಿತು. ಉರಿಯೂತ ತಗ್ಗಿಸುವ ಗುಳಿಗಿಗಳು ಕೆಲಸ ಮಾಡುತ್ತವೆ: ಐಬುಪ್ರೊಫೆನ್ 400 ಮಿಲಿಗ್ರಾಂ ದಿನಕ್ಕೆ ಮೂರು ಸಲ, ಇಲ್ಲವೇ ನ್ಯಾಪ್ರೊಕ್ಸೆನ್ 500 ಎರಡು ಸಲ, ಊಟದ ಮೇಲೆ, 5ರಿಂದ 10 ದಿನ. ಇವುಗಳಲ್ಲಿ ಒಂದೇ ಒಂದು, ಅದೂ ವೈದ್ಯರಿಗೆ ಹಳೆಯ ಕಾಯಿಲೆಗಳನ್ನೆಲ್ಲ ಹೇಳಿದ ಮೇಲೆ. ಹೊಟ್ಟೆಹುಣ್ಣು ಆಗಿದ್ದವರು, ಕಿಡ್ನಿ, ಹೃದಯ ಕಾಯಿಲೆಯವರು, ಗರ್ಭಿಣಿಯರು ಇವನ್ನು ತಾವಾಗಿಯೇ ನುಂಗಬಾರದು. ಬಿಪಿಗೆ ಟೆಲ್ಮಿಸಾರ್ಟಾನ್, ಜೊತೆಗೆ ಮೂತ್ರ ಹೆಚ್ಚಿಸುವ ಗುಳಿಗಿ ತೆಗೆದುಕೊಳ್ಳುವವರು ಏಪ್ರಿಲ್ ಬಿಸಿಲಲ್ಲಿ ನೀರು ಕುಡಿಯದೆ ಹೊಲದಲ್ಲಿ ದುಡಿದು, ಸಂಜೆ ನೋವಿನ ಗುಳಿಗಿ ನುಂಗಿದರೆ ಮೂರೂ ಸೇರಿ ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತವೆ. ಅಂಥವರು ಗುಳಿಗಿಗೆ ಮುಂಚೆ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು.

ಔಷಧದಂಗಡಿಯಲ್ಲಿ ‘ಟೊಂಕದ ಗುಳಿಗಿ’ ಎಂದು ಕೇಳಿದರೆ ಸಿಗುವುದು ಹೆಚ್ಚಾಗಿ ಎರಡು-ಮೂರು ಔಷಧ ಬೆರೆತದ್ದು. ಅದರಲ್ಲಿ ಉರಿಯೂತ ತಗ್ಗಿಸುವ ಅಸಿಕ್ಲೊಫೆನಾಕ್ ಇರುತ್ತದೆ. ಮನೆಯಲ್ಲಿ ಮೊಣಕಾಲಿಗೆಂದು ನುಂಗುತ್ತಿರುವುದರಲ್ಲೂ ಅದೇ ಇರುತ್ತದೆ. ಹೆಸರು ಬೇರೆ, ಬಣ್ಣ ಬೇರೆ, ಔಷಧ ಒಂದೇ, ಡೋಸು ಎರಡಾಗುತ್ತದೆ. ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರ ಓದಿಸಿ. ಸ್ನಾಯು ಸಡಿಲಿಸುವ ಥಯೊಕೊಲ್ಚಿಕೊಸೈಡ್ ಬೆರೆತಿದ್ದರೆ ಏಳು ದಿನಕ್ಕೆ ನಿಲ್ಲಿಸಬೇಕು, ಗರ್ಭಿಣಿಯರಿಗೆ ಕೊಡಲೇಬಾರದು. ಮಂಪರು ತರುವ ಕ್ಲೋರ್ಜೊಕ್ಸಾಜೋನ್ ನುಂಗಿ ಟ್ರ್ಯಾಕ್ಟರ್ ಹತ್ತಬಾರದು.

“ಗುಳಿಗಿ ಬ್ಯಾಡ್ರಿ, ಒಂದು ಸೂಜಿ ಮಾಡ್ರಿ” ಎನ್ನುವವರಿಗೆ: ಡಿಕ್ಲೊಫೆನಾಕ್ ಸೂಜಿಯೂ ಗುಳಿಗಿಯೂ ಒಂದೇ ಔಷಧ. ಸೂಜಿಯಿಂದ ಹೊಟ್ಟೆಗೆ ಅಪಾಯ ತಪ್ಪುತ್ತದೆಂಬುದು ಸುಳ್ಳು, ಹುಣ್ಣು ಮಾಡುವುದು ರಕ್ತದಲ್ಲಿ ಸೇರಿದ ಔಷಧವೇ. ಪಿರ್ರೆಯಲ್ಲಿ ಜಾಗ ತಪ್ಪಿ ಚುಚ್ಚಿದರೆ ಕಾಲಿಗಿಳಿಯುವ ದೊಡ್ಡ ನರವಾದ ಸಯಾಟಿಕ್ ನರಕ್ಕೇ ಪೆಟ್ಟು. ಟೊಂಕಕ್ಕೆಂದು ಹೋಗಿ ಕಾಲು ಸೋತು ಬಂದಂತಾಗುತ್ತದೆ. ಜೊತೆಗೆ ಸ್ಟಿರಾಯ್ಡ್ ಬೆರೆಸಿ ತಿಂಗಳಿಗೆರಡು ಸಲ ಮಾಡಿಸಿಕೊಳ್ಳುವ ರೂಢಿ ಇದ್ದರೆ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ. ನರ ಒತ್ತಿದವರಿಗೆ ಕೊಡುವ ಪ್ರಿಗ್ಯಾಬಲಿನ್ ಬಗ್ಗೆ ನಮ್ಮ ವೈದ್ಯರಲ್ಲೇ ಅತಿ ಭರವಸೆ ಇದೆ. 2017ರ ಪ್ರಯೋಗದಲ್ಲಿ ಸಯಾಟಿಕಾಕ್ಕೆ, ಅಂದರೆ ಈ ಕಾಲಿಗಿಳಿಯುವ ನರದ ಸೆಳೆತಕ್ಕೆ, ಅದು ಹುಸಿ ಗುಳಿಗಿಗಿಂತ ಮೇಲಾಗಲಿಲ್ಲ, ತಲೆಸುತ್ತು ಮಾತ್ರ ಹೆಚ್ಚಿತ್ತು. ಎರಡು ವಾರದಲ್ಲಿ ಗುಣ ಕಾಣದಿದ್ದರೆ ವೈದ್ಯರನ್ನು ಕೇಳಿ ಹಂತಹಂತವಾಗಿ ಇಳಿಸಿ ಬಿಡುವುದೇ ಸರಿ.

ಬೆಲ್ಟು? ಭಾರದ ಕೆಲಸ ಬಿಡಲಾಗದ ನಾಲ್ಕಾರು ದಿನ ಕಟ್ಟಿಕೊಳ್ಳಿ, ಅಡ್ಡಿಯಿಲ್ಲ. ಆದರೆ ದೀರ್ಘಕಾಲದ ಟೊಂಕ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಕೊಟ್ಟ ಮಾರ್ಗಸೂಚಿ ಬೆಲ್ಟನ್ನೂ ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್ನನ್ನೂ ಬೇಡವೆನ್ನುತ್ತದೆ. ವ್ಯಾಯಾಮ ಬೇಕು ಎನ್ನುತ್ತದೆ.

ಫಿಸಿಯೊಥೆರಪಿ ಎಂದರೆ ಹತ್ತು ದಿನ ಯಂತ್ರದ ಶಾಖ ಎಂದುಕೊಂಡವರೇ ಬಹಳ. ಶಾಖ ಒಂದೆರಡು ತಾಸಿನ ಹಿತ. ಬೆನ್ನನ್ನು ಕಾಯುವುದು ವ್ಯಾಯಾಮ. ನೆಲಕ್ಕೆ ಕೈ-ಮೊಣಕಾಲೂರಿ, ಬಲಗೈಯನ್ನು ಮುಂದಕ್ಕೆ, ಎಡಗಾಲನ್ನು ಹಿಂದಕ್ಕೆ ನೆಲಕ್ಕೆ ಸಮನಾಗಿ ಚಾಚಿ, 8-10 ಸೆಕೆಂಡು ಉಸಿರು ಕಟ್ಟದೆ ಹಿಡಿಯಬೇಕು. ಆಮೇಲೆ ಇನ್ನೊಂದು ಜೋಡಿ. ಬದಿಗೆ ಐದು ಸಲದಿಂದ ಶುರು. ತಪ್ಪಾಗುವುದು ಎಲ್ಲೆಂದರೆ, ಕಾಲನ್ನು ಟೊಂಕಕ್ಕಿಂತ ಮೇಲೆತ್ತಿ ಬೆನ್ನು ಬಾಗಿಸುವುದರಲ್ಲಿ. ಟೊಂಕದ ಮೇಲೆ ನೀರಿನ ಲೋಟ ಇಟ್ಟರೆ ಚೆಲ್ಲಬಾರದು, ಅಷ್ಟು ನೆಟ್ಟಗಿರಬೇಕು. ಕಾಲಿಗೆ ಸೆಳೆತ ಇರುವವರಿಗೆ ಬೋರಲಾಗಿ ಮಲಗಿ, ಟೊಂಕವನ್ನು ನೆಲದಲ್ಲೇ ಬಿಟ್ಟು, ಅಂಗೈ ಊರಿ ಎದೆ ಎತ್ತುವ ವ್ಯಾಯಾಮ ಹಲವರಿಗೆ ಒಗ್ಗುತ್ತದೆ. ಒಗ್ಗಿತೋ ಇಲ್ಲವೋ ತಿಳಿಯಲು ಒಂದು ಗುರುತಿದೆ. ಪಾದದ ನೋವು ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ ಹಿಂದೆ ಸರಿಯುತ್ತಿದ್ದರೆ, ಟೊಂಕ ಸ್ವಲ್ಪ ಹೆಚ್ಚು ನೋಯುತ್ತಿದ್ದರೂ ಒಳ್ಳೆಯದೇ. ನೋವು ಕೆಳಗೆ ಇಳಿಯುತ್ತಿದ್ದರೆ ಆ ವ್ಯಾಯಾಮ ಅಲ್ಲಿಗೇ ನಿಲ್ಲಬೇಕು. ಮೊಬೈಲಿನಲ್ಲಿ ನೋಡಿ ಮುಂದಕ್ಕೆ ಬಾಗಿ ಕಾಲ್ಬೆರಳು ಮುಟ್ಟುವ ಆಸನ ಮಾಡುವುದು ಈ ಹೊತ್ತಿನಲ್ಲಿ ಅನಾಹುತ.

ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬಿರುತ್ತದೆ. ಎದ್ದ ಮೊದಲ ಒಂದು ತಾಸು ಬಾಗಿದರೆ ಅದರ ಮೇಲೆ ಒತ್ತಡ ಹೆಚ್ಚು. ನಮ್ಮ ಮನೆಗಳಲ್ಲಿ ಅಂಗಳ ಗುಡಿಸುವುದು, ಸೆಗಣಿ ಬಾಚುವುದು, ನೀರು ಹೊರುವುದು ಎಲ್ಲ ನಡೆಯುವುದು ಆ ತಾಸಿನಲ್ಲೇ. ನೋವು ಇರುವಷ್ಟು ದಿನ ಆ ಕೆಲಸ ಬೇರೆಯವರು ಮಾಡಲಿ, ಆಗದಿದ್ದರೆ ಮೊಂಡು ಕಸಬರಿಗೆಗೆ ಎದೆಮಟ್ಟದ ಕೋಲು ಕಟ್ಟಿ. ಅಮರಗೋಳದ ಎಪಿಎಂಸಿಯಂಥ ಕಡೆ ಚೀಲ ಹೊರುವವರು ನೆಲದಿಂದ ಎತ್ತದೆ, ಲಾರಿ ಹಲಗೆಯ ಎತ್ತರದಿಂದ ಬೆನ್ನಿಗೆ ತೆಗೆದುಕೊಂಡರೆ ಟೊಂಕ ಬಾಗುವುದು ತಪ್ಪುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವರು, ಬೆಟಗೇರಿಯ ಮಗ್ಗದವರು ಅರ್ಧ ಗಂಟೆಗೊಮ್ಮೆ ಎದ್ದು ಹತ್ತು ಹೆಜ್ಜೆ ಹಾಕಿ ಬರಬೇಕು. ವಾಸಿಯಾದ ಮೇಲೆ ನಡಿಗೆ ಬಿಡಬೇಡಿ. 2024ರ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ವಾರಕ್ಕೆ ಐದು ದಿನ, ಅರ್ಧ ಗಂಟೆ ನಡಿಗೆಯ ಗುರಿಯತ್ತ ಮೆಲ್ಲಗೆ ಏರಿದವರಲ್ಲಿ ನೋವು ಮರಳಲು ಸರಾಸರಿ 208 ದಿನ ಹಿಡಿಯಿತು, ಉಳಿದವರಲ್ಲಿ 112.

ಆರು ವಾರವಾದರೂ ಕಾಲಿನ ಸೆಳೆತ ಇಳಿಯದಿದ್ದರೆ ಎಂಆರ್‌ಐ ಹೊತ್ತು. ಸ್ಕ್ಯಾನಿನಲ್ಲಿ ಒತ್ತಿದ ನರವೂ ಕಾಲಿನ ಲಕ್ಷಣವೂ ತಾಳೆಯಾದರೆ ನರದ ಬುಡಕ್ಕೆ ಸ್ಟಿರಾಯ್ಡ್ ಸೂಜಿ ಒಂದು ದಾರಿ. ಆಗಿಂದಾಗಲೇ ಚಿತ್ರ ತೋರಿಸುವ ಸಿ-ಆರ್ಮ್ ಎಕ್ಸ್‌ರೇ ಕೆಳಗೆ, ಅದರಲ್ಲಿ ಎದ್ದು ಕಾಣುವ ದ್ರವ ಬಿಟ್ಟು, ಸೂಜಿಯ ತುದಿ ಎಲ್ಲಿದೆ ಎಂದು ಖಚಿತಪಡಿಸಿಕೊಂಡೇ ಔಷಧ ಬಿಡಬೇಕು. ಅಂದಾಜಿನ ಮೇಲೆ ಚುಚ್ಚುವಂಥದ್ದಲ್ಲ. ಹಿತ ಕೆಲವು ವಾರಗಳದ್ದು. ಡಿಸ್ಕ್ ತಾನಾಗಿ ಕರಗಲು ಸಮಯ ಕೊಡುತ್ತದೆ. ಹೌದು, ಹೊರಜಾರಿದ ತುಂಡು ಬಹಳ ಜನರಲ್ಲಿ ತಿಂಗಳುಗಳಲ್ಲಿ ತಾನೇ ಕುಗ್ಗುತ್ತದೆ. ಸಕ್ಕರೆ ಕಾಯಿಲೆಯವರು ಸೂಜಿಯ ನಂತರ ಒಂದು ವಾರ ದಿನವೂ ಸಕ್ಕರೆ ನೋಡಿಕೊಳ್ಳಬೇಕು. ರಕ್ತ ತೆಳುವಾಗಿಸುವ ಗುಳಿಗಿ ನುಂಗುವವರು ಮೊದಲೇ ಹೇಳಬೇಕು, ಆದರೆ ತಾವೇ ನಿಲ್ಲಿಸಬಾರದು.

ವಯಸ್ಸಾದವರದ್ದು ಇನ್ನೊಂದು ಬಗೆ. ನೂರು ಹೆಜ್ಜೆಗೆ ಎರಡೂ ಕಾಲು ಭಾರವಾಗಿ, ಕಟ್ಟೆ ಸಿಕ್ಕರೆ ಕೂತು, ಮತ್ತೆ ನಡೆಯುತ್ತಾರೆ. ಸೈಕಲ್ ಹಿಡಿದು ಮುಂದಕ್ಕೆ ಬಾಗಿ ತಳ್ಳಿಕೊಂಡು ಹೋಗುವಾಗ ಮಾತ್ರ ತೊಂದರೆಯಿಲ್ಲ. ಇದು ನರ ಹಾಯುವ ಕಾಲುವೆ ಕಿರಿದಾದದ್ದು. ಇವರಿಗೆ ಎದೆ ಎತ್ತುವ ವ್ಯಾಯಾಮ ಸಲ್ಲದು, ಸೈಕಲ್ ತುಳಿಯುವುದು ಸಲ್ಲುತ್ತದೆ. ನಡಿಗೆ ತೀರಾ ಕುಗ್ಗಿದರೆ ಕಾಲುವೆ ಅಗಲಿಸುವ ಶಸ್ತ್ರಚಿಕಿತ್ಸೆ ಇದೆ.

ಡಿಸ್ಕ್ ಆಪರೇಷನ್ ಯಾರಿಗೆ? ಪಾದದ ಬಲ ಕುಸಿಯುತ್ತಿದ್ದರೆ ತಡ ಮಾಡದೆ. ಬಲ ಇದ್ದು ಬರೀ ಸೆಳೆತವಿದ್ದರೆ, ಆರರಿಂದ ಹನ್ನೆರಡು ವಾರ ಕಾದ ಮೇಲೂ ಬದುಕು ನಡೆಸಲಾಗದಿದ್ದರೆ. 2007ರ ನೆದರ್ಲೆಂಡ್ಸ್ ಅಧ್ಯಯನದಲ್ಲಿ ಬೇಗ ಕೊಯ್ಸಿಕೊಂಡವರ ಕಾಲು ನೋವು ಬೇಗ ಇಳಿಯಿತು. ವರ್ಷದ ಕೊನೆಗೆ ಎರಡೂ ಗುಂಪು ಒಂದೇ ಹದಕ್ಕೆ ಬಂದಿದ್ದವು, ಕಾದವರಲ್ಲೂ ನೂರಕ್ಕೆ 39 ಜನ ಕಡೆಗೆ ಆಪರೇಷನ್ ಮಾಡಿಸಿಕೊಂಡಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಎರಡು-ಮೂರು ಸೆಂಟಿಮೀಟರ್ ಕೊಯ್ದು ಜಾರಿದ ತುಂಡನ್ನಷ್ಟೇ ತೆಗೆಯುತ್ತಾರೆ, ಇಡೀ ಡಿಸ್ಕನ್ನಲ್ಲ. ಹಾಗಾಗಿ ಉಳಿದದ್ದು ಮತ್ತೆ ಜಾರಬಹುದು, ನೂರರಲ್ಲಿ ಐದರಿಂದ ಹತ್ತು ಜನರಲ್ಲಿ. ಸಾಮಾನ್ಯವಾಗಿ ಮರುದಿನವೇ ನಡೆಸುತ್ತಾರೆ. ಕಾಲಿನ ಸೆಳೆತ ಮೊದಲು ಹೋಗುತ್ತದೆ, ಜೋಮು ಬಿಡಲು ತಿಂಗಳುಗಳು ಬೇಕು, ಹಳೆಯ ಟೊಂಕ ನೋವು ಹೋಗುತ್ತದೆಂದು ಯಾರೂ ಮಾತು ಕೊಡಲಾರರು. ಮೊದಲ ಆರು ವಾರ ತುಂಬಿದ ಕೊಡ ಎತ್ತುವುದು, ಹೊಲದ ದಾರಿಯಲ್ಲಿ ಬೈಕಿನ ಹಿಂದೆ ಕೂರುವುದು ಬೇಡ. ಐವತ್ತು ಕಿಲೋ ಚೀಲದ ಮಾತು ಮೂರು ತಿಂಗಳ ಮೇಲೆ, ಅದೂ ಸರ್ಜನ್ ಮತ್ತೊಮ್ಮೆ ಕಾಲಿನ ಬಲ ನೋಡಿದ ನಂತರ.