ದೂರದ ದಾರಿಗೆ ಯಾವ ಫೋರ್ ಬೈ ಫೋರ್? ಕೊಳ್ಳುವ ಮುನ್ನದ ಟಿಪ್ಪಣಿ

ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡು ಕರ್ನಾಟಕದಿಂದ ಲಡಾಖ್, ಸ್ಪಿತಿ ಕಡೆ ಹೊರಡಬೇಕೆನ್ನುವವರಿಗೆ ಈ ಟಿಪ್ಪಣಿ. ಅಳತೆಗೋಲು ಒಂದೇ: ಕೆಟ್ಟು ನಿಂತ ಊರಿನಲ್ಲೇ ರಿಪೇರಿ ಆಗುತ್ತದೆಯೇ? ಉಳಿದ ಲೆಕ್ಕವೆಲ್ಲ ಇದರ ಹಿಂದೆ ಬರಲಿ.

ಪಾರ್ಟ್‌ಟೈಮ್ ಎಂದರೆ

ಮಾರುತಿಯ ಜಿಪ್ಸಿ, ಜಿಮ್ನಿ, ಮಹೀಂದ್ರಾ ಥಾರ್, ಫೋರ್ಸ್ ಗೂರ್ಖಾ ನಾಲ್ಕೂ ಪಾರ್ಟ್‌ಟೈಮ್ ಫೋರ್ ಬೈ ಫೋರ್ ಗಾಡಿಗಳು, ಅಂದರೆ ಬೇಕೆಂದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ. ಮಾಮೂಲಿಯಾಗಿ ಎಂಜಿನ್ ಹಿಂದಿನ ಚಕ್ರಗಳನ್ನು ಮಾತ್ರ ತಿರುಗಿಸುತ್ತದೆ. ಲಿವರನ್ನು 4ಎಚ್‌ಗೆ (ನಾಲ್ಕು ಚಕ್ರ, ಹೈ ರೇಂಜ್) ಹಾಕಿದಾಗ ಟ್ರಾನ್ಸ್‌ಫರ್ ಕೇಸ್, ಅಂದರೆ ಬಲ ಹಂಚುವ ಗೇರ್ ಪೆಟ್ಟಿಗೆ, ಮುಂದಿನ, ಹಿಂದಿನ ಆಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ಗಳನ್ನು ಬಿಗಿಯಾಗಿ ಕೂಡಿಸುತ್ತದೆ. ನಡುವೆ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಗೇರು ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹೊಡೆಯುತ್ತವೆ. ಕೆಸರು, ಮರಳು, ಹಿಮದಲ್ಲಾದರೆ ಟಯರ್ ಕೊಂಚ ಜಾರಿ ಆ ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ. ಒಣ ಟಾರು ರಸ್ತೆಯಲ್ಲಿ ಜಾರಲು ಜಾಗವಿಲ್ಲ, ಒತ್ತಡವೆಲ್ಲ ಶಾಫ್ಟ್ ಮತ್ತು ಗೇರುಗಳ ಮೇಲೆ ಬೀಳುತ್ತದೆ. ಸ್ಟೀರಿಂಗ್ ಭಾರವಾಗುತ್ತದೆ, ಲಿವರ್ 2ಎಚ್‌ಗೆ (ಹಿಂದಿನ ಎರಡೇ ಚಕ್ರ) ಬರುವುದಿಲ್ಲ. ಬಲವಂತ ಮಾಡಬೇಡಿ. ನೇರವಾಗಿ ನಾಲ್ಕೈದು ಮೀಟರ್ ರಿವರ್ಸ್ ಬಂದರೆ ಬಿಗುವು ಸಡಿಲಗೊಂಡು ಲಿವರ್ ಸಲೀಸಾಗಿ ಬರುತ್ತದೆ.

ಎಡಬ್ಲ್ಯುಡಿ (ಆಲ್ ವೀಲ್ ಡ್ರೈವ್) ಎಂದು ಮಾರುವ ನಗರದ ಎಸ್‌ಯುವಿಗಳು ಬೇರೆ ಜಾತಿ. ಅವುಗಳಲ್ಲಿ ಸಾಮಾನ್ಯವಾಗಿ ಲೋ ರೇಂಜ್, ಅಂದರೆ ತೆವಳುವ ವೇಗಕ್ಕೆ ಇಳಿಸುವ ಹೆಚ್ಚುವರಿ ಗೇರು, ಇರುವುದಿಲ್ಲ. ಮರಳಿನಲ್ಲಿ ಹತ್ತು ನಿಮಿಷ ಒದ್ದಾಡಿದರೆ ಉಳಿದೆರಡು ಚಕ್ರಗಳಿಗೆ ಬಲ ಕೂಡಿಸುವ ಕಪ್ಲಿಂಗಿನ ಕ್ಲಚ್ ಬಿಸಿಯಾಗಿ ತಾನೇ ಕೈಬಿಡುತ್ತದೆ.

ಲೋ ರೇಂಜ್‌ನ ಲೆಕ್ಕ

ಫಸ್ಟ್ ಗೇರ್ ಅನುಪಾತ 4, ಆಕ್ಸಲ್ 4, ಟ್ರಾನ್ಸ್‌ಫರ್ ಕೇಸಿನ ಲೋ 2.5 ಎಂದಿಟ್ಟುಕೊಳ್ಳಿ. ಮೂರನ್ನೂ ಗುಣಿಸಿದರೆ 40. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗಿದರೆ ಚಕ್ರ 20 ಸುತ್ತು. ಟಯರಿನ ಸುತ್ತಳತೆ 2.3 ಮೀಟರ್ ಆದರೆ ವೇಗ ಗಂಟೆಗೆ ಸುಮಾರು 2.8 ಕಿ.ಮೀ., ನಡಿಗೆಗಿಂತ ನಿಧಾನ. ಹೈ ರೇಂಜಿನಲ್ಲಿ ಇದೇ ಲೆಕ್ಕ 6.9 ಕಿ.ಮೀ. ಆಗುತ್ತದೆ, ಕಲ್ಲಿನ ಏರಿನಲ್ಲಿ ಆ ವೇಗ ತಡೆಯಲಾಗದೆ ಹಾಫ್ ಕ್ಲಚ್‌ಗೆ ಕೈಹಾಕುತ್ತೀರಿ, ಕ್ಲಚ್ ಪ್ಲೇಟ್ ಸುಡುತ್ತದೆ. ಇಳಿಜಾರಿನಲ್ಲಿ ಲೋ ರೇಂಜ್ ಇನ್ನೂ ದೊಡ್ಡ ಉಪಕಾರ ಮಾಡುತ್ತದೆ, ಬ್ರೇಕ್ ಕಾಯದೆ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ.

ತೂಕ

ಹೆಚ್ಚಿನವರು ಎಡವುವುದು ಇಲ್ಲೇ. ಐದು ಬಾಗಿಲಿನ ಜಿಮ್ನಿಯ ಸ್ವಂತ ತೂಕ ಸುಮಾರು 1,200 ಕೆ.ಜಿ., ಗರಿಷ್ಠ ಒಟ್ಟು ತೂಕ 1,545. ಅಂದರೆ ಕೈಯಲ್ಲಿರುವುದು 345 ಕೆ.ಜಿ. ಇಬ್ಬರು ಜನ 150, ನೀರು 40 ಲೀಟರ್ 40, ತುಂಬಿದ 20 ಲೀಟರ್ ಜೆರಿಕ್ಯಾನ್ 19, ಟೂಲ್ಸ್ ಮತ್ತು ಬಿಡಿಭಾಗ 30, ಕ್ಯಾರಿಯರ್ ಸಮೇತ ರೂಫ್ ಟೆಂಟ್ 80, ಅಡುಗೆ ಸಾಮಾನು-ಬಟ್ಟೆ 50. ಒಟ್ಟು 369, ಆಗಲೇ ಮಿತಿ ದಾಟಿತು. ಸ್ಪ್ರಿಂಗ್ ಕೂತು, ಶಾಕ್ ಅಬ್ಸಾರ್ಬರ್ ಸೋರಿ, ಕೊನೆಗೆ ಅದರ ಬ್ರ್ಯಾಕೆಟ್ ಬಿರುಕು ಬಿಡುವುದು ಹೀಗೆ. ರೂಫ್ ಟೆಂಟ್ ಬಿಟ್ಟು ನೆಲದ ಟೆಂಟ್ ಒಯ್ದರೆ ಲೆಕ್ಕ ಸರಿಹೋಗುತ್ತದೆ. ಮೂರನೆಯವರು ಸೇರಿದರೆ ಮತ್ತೆ ತಪ್ಪುತ್ತದೆ.

ಇಂಧನ, ಎತ್ತರ

ಮನಾಲಿ–ಲೇಹ್ ದಾರಿಯ ತಾಂಡಿ ಬಂಕಿನ ಪ್ರಸಿದ್ಧ ಫಲಕ ಮುಂದಿನ ಬಂಕ್ 365 ಕಿ.ಮೀ. ಎನ್ನುತ್ತದೆ. ಲೋ ಗೇರು, ಏರು ದಾರಿಗೆಂದು 30 ಶೇಕಡಾ ಸೇರಿಸಿ, 475 ಕಿ.ಮೀ. ಲೆಕ್ಕ ಹಿಡಿಯಿರಿ. ಲೀಟರಿಗೆ 10 ಕಿ.ಮೀ. ಕೊಡುವ ಜಿಪ್ಸಿಗೆ 47.5 ಲೀಟರ್ ಬೇಕು, ಟ್ಯಾಂಕ್ 40. ಹಾಗಾಗಿ ಜೆರಿಕ್ಯಾನ್ ಅಲಂಕಾರದ ವಸ್ತುವಲ್ಲ. 5,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಸುಮಾರು 60 ಶೇಕಡಾ. ಟರ್ಬೊ ಇಲ್ಲದ 80 ಹಾರ್ಸ್‌ಪವರ್ ಜಿಪ್ಸಿ ಅಲ್ಲಿ 50ರ ಆಸುಪಾಸಿಗೆ ಇಳಿಯುತ್ತದೆ. ನಿಧಾನಕ್ಕೆ ಹತ್ತುತ್ತದೆ, ಆದರೆ ಹತ್ತುತ್ತದೆ.

ಟರ್ಬೊ ಡೀಸೆಲ್‌ಗೆ ಎತ್ತರದ ಚಿಂತೆ ಕಡಿಮೆ. ಆದರೆ 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ಮಿತಿಯ ನಿಯಮ) ಡೀಸೆಲ್ ಗಾಡಿಗಳಲ್ಲಿ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಇರುತ್ತದೆ. ಅದರಲ್ಲಿ ಕಟ್ಟಿದ ಮಸಿ ಸುಟ್ಟುಹೋಗಬೇಕಾದರೆ ಸೈಲೆನ್ಸರ್ ಸಾಲು ಚೆನ್ನಾಗಿ ಕಾಯಬೇಕು. ದಿನಗಟ್ಟಲೆ ತೆವಳುತ್ತಾ ಹೋದರೆ ಕಾಯುವುದಿಲ್ಲ, ಎಂಜಿನ್ ತನ್ನ ಶಕ್ತಿಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಗಂಧಕ ಹೆಚ್ಚಿರುವ ಡೀಸೆಲ್ ಮಾರುವ ದೇಶಗಳಿಗೆ ಹೋದರೆ ಇದೇ ತೊಂದರೆ ದುಪ್ಪಟ್ಟು. ಆಫ್ರಿಕಾದಲ್ಲಿ ನೆರವು ಸಂಸ್ಥೆಗಳು ಟೊಯೋಟಾ ಲ್ಯಾಂಡ್ ಕ್ರೂಸರ್ 70ರ 1ಎಚ್‌ಜೆಡ್ ಎಂಜಿನ್ನನ್ನು ಬಿಡದಿದ್ದುದಕ್ಕೆ ಇದೂ ಒಂದು ಕಾರಣ: 4.2 ಲೀಟರ್, ಆರು ಸಿಲಿಂಡರ್, ಟರ್ಬೊ ಇಲ್ಲ, ಮೆಕ್ಯಾನಿಕಲ್ ಪಂಪ್.

ನಮ್ಮ ಆಯ್ಕೆ? ಇಬ್ಬರಿಗೆ ತುಕ್ಕಿಲ್ಲದ ಎಂಪಿಎಫ್ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಷನ್ ಇರುವ) ಜಿಪ್ಸಿ, ಸಿಗದಿದ್ದರೆ ಜಿಮ್ನಿ. ನಾಲ್ವರಿಗೆ ಗೂರ್ಖಾ, ಮುಂದೆ ಹಿಂದೆ ಎರಡೂ ಡಿಫ್ ಲಾಕ್ (ಎಡ-ಬಲ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಬೀಗ) ಇರುವುದು ದೊಡ್ಡ ಬಲ. ಮಹೀಂದ್ರಾ ಮೆಕ್ಯಾನಿಕ್‌ಗಳು ಎಲ್ಲೆಡೆ ಸಿಗುವುದರಿಂದ ಹಳೆಯ ಡೀಸೆಲ್ ಥಾರ್ ಸಿಆರ್‌ಡಿಇ ಕೂಡ ಒಳ್ಳೆಯ ಮಾತೇ.

ಹಳೆಯ ಜಿಪ್ಸಿ ನೋಡುವ ಬಗೆ

ಮುಂದಿನ ಚಕ್ರ ಜಾಕ್ ಮೇಲೆತ್ತಿ. ಟಯರಿನ ಮೇಲೂ ಕೆಳಗೂ ಕೈಯಿಟ್ಟು ಅಲುಗಾಡಿಸಿ. ಆಟ ಕಂಡರೆ ಒಬ್ಬರು ಬ್ರೇಕ್ ಪೆಡಲ್ ಒತ್ತಿ ಹಿಡಿಯಲಿ, ಮತ್ತೆ ಅಲುಗಿಸಿ. ಆಟ ನಿಂತರೆ ವೀಲ್ ಬೇರಿಂಗ್ ಸಡಿಲ, ಅದು ಸಣ್ಣ ಕೆಲಸ. ಬ್ರೇಕ್ ಒತ್ತಿದರೂ ಉಳಿದರೆ ಚಕ್ರ ಎಡ-ಬಲ ತಿರುಗಲು ಆಧಾರವಾದ ಕಿಂಗ್‌ಪಿನ್ ಬೇರಿಂಗ್ ಸವೆದಿದೆ. ಗುಂಡಿ ಹಾರಿದಾಗ ಸ್ಟೀರಿಂಗ್ ಕೈಬಿಡುವಷ್ಟು ಅದುರುವುದಕ್ಕೆ ಮೊದಲ ಅನುಮಾನ ಇದರ ಮೇಲೇ. ಚಕ್ರದ ಒಳಗಿನ ಉಕ್ಕಿನ ಗುಂಡಿನ ಮೇಲೆ ತೆಳು ಗ್ರೀಸ್ ಪೊರೆ ಇರಬೇಕು. ಕಪ್ಪಗೆ ನೀರಾಗಿ ಸುರಿಯುತ್ತಿದ್ದರೆ ಒಳಗಿನ ಆಯಿಲ್ ಸೀಲ್ ಹೋಗಿ ಡಿಫರೆನ್ಷಿಯಲ್ ಆಯಿಲ್ ಗ್ರೀಸಿಗೆ ಬೆರೆತಿದೆ.

ಟ್ರಾನ್ಸ್‌ಫರ್ ಕೇಸನ್ನು ಮಣ್ಣಿನ ನೆಲದಲ್ಲಿ ಪರೀಕ್ಷಿಸಿ. 4ಎಲ್ (ನಾಲ್ಕು ಚಕ್ರ, ಲೋ ರೇಂಜ್) ಹಾಕಿ ಫಸ್ಟ್‌ನಲ್ಲಿ ಎಳೆದು, ಆಕ್ಸಿಲರೇಟರ್ ತಟ್ಟನೆ ಬಿಡಿ. ಲಿವರ್ ಜಿಗಿದು ನ್ಯೂಟ್ರಲ್‌ಗೆ ಬಂದರೆ ಒಳಗೆ ಸವೆತವಿದೆ. ಡ್ರೈನ್ ಬೋಲ್ಟ್ ಸಡಿಲಿಸಿ ಒಂದಿಷ್ಟು ಆಯಿಲ್ ಇಳಿಸಿ: ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ, ಮಿರಮಿರ ಚೂರುಗಳಿದ್ದರೆ ಆ ಗಾಡಿ ಬೇಡ. ಪ್ರೊಪೆಲ್ಲರ್ ಶಾಫ್ಟ್ ಕೈಯಲ್ಲಿ ತಿರುಚಿದಾಗ ಅದರ ತುದಿಯ ಕೀಲಾದ ಕ್ರಾಸ್‌ನಲ್ಲಿ ಟಕ್ ಎಂದರೆ ಬೆಲೆ ಇಳಿಸಿ ಕೇಳಿ, ಅಷ್ಟೇ.

ಚಾಸಿಗೆ ಹೊಸ ಕಪ್ಪು ಬಣ್ಣ ಬಳಿದಿದ್ದರೆ ಸಂಶಯಪಡಿ. ಹಿಂದಿನ ಪಟ್ಟಾ (ಲೀಫ್ ಸ್ಪ್ರಿಂಗ್) ಕೂರುವ ಬ್ರ್ಯಾಕೆಟ್ ಸುತ್ತ ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ. ಕರಾವಳಿಯಲ್ಲಿ ಓಡಿದ ಗಾಡಿಯಲ್ಲಿ ತುಕ್ಕು ತಿಂದು ಆ ತುದಿ ಒಳಗೇ ಇಳಿಯುವುದುಂಟು. ಹರಾಜಿನಲ್ಲಿ ಬಂದ ಗಾಡಿಯಾದರೆ ಚಾಸಿ ನಂಬರನ್ನು ಆರ್‌ಸಿ ಜೊತೆ ಅಕ್ಷರಕ್ಕಕ್ಷರ ಹೋಲಿಸಿ. 15 ವರ್ಷ ದಾಟಿದ್ದರೆ ನೋಂದಣಿ ನವೀಕರಣ 5 ವರ್ಷಕ್ಕೊಮ್ಮೆ.

ಜೊತೆಗೆ ಒಯ್ಯಬೇಕಾದ್ದು: ಕ್ಲಚ್ ಕೇಬಲ್, ಫ್ಯಾನ್ ಬೆಲ್ಟ್, ರೇಡಿಯೇಟರ್ ಹೋಸ್, ಒಂದು ಯೂನಿವರ್ಸಲ್ ಕ್ರಾಸ್, ಸೀಲ್ ಸಮೇತ ಒಂದು ವೀಲ್ ಬೇರಿಂಗ್, ಫ್ಯುಯೆಲ್ ಪಂಪ್. ಪಂಪ್ ಟ್ಯಾಂಕಿನೊಳಗಿರುವುದರಿಂದ ಬಿಚ್ಚುವುದನ್ನು ಮನೆಯಲ್ಲೇ ಒಮ್ಮೆ ಕಲಿತುಕೊಂಡು ಹೊರಡಿ.