ಬೆಟ್ಟದ ತುದಿಯ ರಿಪೀಟರ್: ನಿರ್ವಹಣೆಯ ಟಿಪ್ಪಣಿ

ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿದ್ದನ್ನು ಅದೇ ಕ್ಷಣ ಇನ್ನೊಂದರಲ್ಲಿ ಕಳಿಸುವುದು ರಿಪೀಟರ್ ಕೆಲಸ. ವಿಎಚ್‌ಎಫ್, ಯುಎಚ್‌ಎಫ್ ಅಲೆಗಳು ಹೆಚ್ಚುಕಮ್ಮಿ ನೇರವಾಗಿ ಸಾಗುತ್ತವೆ, ಅದಕ್ಕೇ ಅದನ್ನು ಎತ್ತರದಲ್ಲಿ ಇಡುತ್ತಾರೆ. ಇಷ್ಟು ಹ್ಯಾಮ್ ರೇಡಿಯೊ ಪರೀಕ್ಷೆಗೆ ಓದಿದವರಿಗೆಲ್ಲ ಗೊತ್ತು. ಅದು ಕೆಟ್ಟಾಗ ದೋಷ ಎಲ್ಲಿದೆ ಅಂತ ಹುಡುಕುವುದು ಬೇರೆಯೇ ವಿದ್ಯೆ. ಮರೆತ ಒಂದು ಅಡಾಪ್ಟರ್‌ಗಾಗಿ ಇಡೀ ಬೆಟ್ಟ ಇಳಿದು ಹತ್ತಬೇಕಾಗುತ್ತದೆ, ಹಾಗಾಗಿ ಅಂದಾಜಿನ ಮೇಲೆ ಕೆಲಸ ನಡೆಯುವುದಿಲ್ಲ.

ಎಸ್‌ಡಬ್ಲ್ಯುಆರ್ ಚೆನ್ನಾಗಿದ್ದರೂ ಅನುಮಾನವಿರಲಿ

ಮೇಲೆ ಹೋದವರು ಮೊದಲು ನೋಡುವುದು ಎಸ್‌ಡಬ್ಲ್ಯುಆರ್ ಮೀಟರ್. ಕಳಿಸಿದ ಪವರ್‌ನಲ್ಲಿ ಎಷ್ಟು ವಾಪಸ್ ಬರುತ್ತಿದೆ ಅಂತ ಅದು ಹೇಳುತ್ತದೆ; 1 ಅಂದರೆ ಏನೂ ವಾಪಸ್ ಇಲ್ಲ. ಮುಳ್ಳು ಕೆಳಗಿದ್ದರೆ ಆಂಟೆನಾ ಸರಿಯಿದೆ ಅಂದುಕೊಳ್ಳುತ್ತಾರೆ. ಒಂದು ಲೆಕ್ಕ ಹಾಕಿ ನೋಡೋಣ.

ರೇಡಿಯೊ ಸೆಟ್‌ನಿಂದ ಆಂಟೆನಾಗೆ ಹೋಗುವ ಕೋಆಕ್ಸ್ ಕೇಬಲ್‌ಗೆ ನೀರು ಇಳಿದು ಅದರ ನಷ್ಟ 6 ಡಿಬಿ ಆಗಿದೆ ಅಂತಿಟ್ಟುಕೊಳ್ಳಿ. ಅಂದರೆ ಹೋಗುವ ಪವರ್‌ನಲ್ಲಿ ನಾಲ್ಕನೇ ಒಂದು ಭಾಗ ಮಾತ್ರ ಆ ತುದಿ ಮುಟ್ಟುತ್ತದೆ. ಸೆಟ್ 50 ವ್ಯಾಟ್ ಕೊಟ್ಟರೆ ಮೇಲೆ ತಲುಪುವುದು 12.5 ವ್ಯಾಟ್. ಅಲ್ಲಿ ಆಂಟೆನಾ ಪೂರ್ತಿ ಕಿತ್ತುಹೋಗಿದ್ದರೆ ಆ 12.5 ವ್ಯಾಟ್ ಅಷ್ಟೂ ವಾಪಸ್ ಹೊರಡುತ್ತದೆ. ಬರುವಾಗ ಮತ್ತೆ ಮುಕ್ಕಾಲು ಭಾಗ ಕೇಬಲ್‌ನಲ್ಲೇ ಬಿಸಿಯಾಗಿ ಕರಗುತ್ತದೆ. ಮೀಟರ್‌ಗೆ ಕಾಣುವುದು ಸುಮಾರು 3 ವ್ಯಾಟ್. ಅದು ಲೆಕ್ಕ ಹಾಕಿ 1.7ರ ಆಸುಪಾಸು ತೋರಿಸುತ್ತದೆ. ಆಂಟೆನಾವೇ ಇಲ್ಲ, ಮೀಟರ್ ಮಾತ್ರ ಪರವಾಗಿಲ್ಲ ಅನ್ನುತ್ತಿದೆ! ಎಸ್‌ಡಬ್ಲ್ಯುಆರ್ ತನ್ನಷ್ಟಕ್ಕೆ ಸುಧಾರಿಸಿದೆ ಅಂದರೆ ಖುಷಿಪಡುವ ಮುಂಚೆ ಕೇಬಲ್ ನೋಡಿ.

ಪರೀಕ್ಷೆ ಸುಲಭ. ಆಂಟೆನಾ ಬಿಚ್ಚಿ, ಕೇಬಲ್‌ನ ಆ ತುದಿಯನ್ನು ಶಾರ್ಟ್ ಮಾಡಿ, ಈ ತುದಿಯಲ್ಲಿ ಅನಲೈಸರ್ ಹಾಕಿ ರಿಟರ್ನ್ ಲಾಸ್ (ಹೋಗಿ ವಾಪಸ್ ಬರುವಷ್ಟರಲ್ಲಿ ಆದ ನಷ್ಟ, ಡಿಬಿಯಲ್ಲಿ) ಅಳೆಯಿರಿ. ಬಂದ ಸಂಖ್ಯೆಯ ಅರ್ಧವೇ ಕೇಬಲ್‌ನ ನಷ್ಟ. ಹೊಸದರಲ್ಲಿ ಬರೆದಿಟ್ಟ ಸಂಖ್ಯೆ ಇದ್ದರೆ ಕೆಲಸ ಅಲ್ಲಿಗೇ ಮುಗಿಯಿತು. ಆ ಸಂಖ್ಯೆ ಇಲ್ಲದಿದ್ದರೆ ಕೇಬಲ್‌ನ ಉದ್ದ, ಜಾತಿ ನೋಡಿ ಡೇಟಾಶೀಟ್‌ಗೆ ಹೋಲಿಸಬೇಕು.

ನೀರು ಒಳಗೆ ಹೋಗುವುದು ಸಾಮಾನ್ಯವಾಗಿ ಕನೆಕ್ಟರ್ ದಾರಿಯಲ್ಲೇ. ಪಿಎಲ್-259 ಅನ್ನುವ ಕನೆಕ್ಟರ್‌ನ ಜೋಡಣೆ ನೀರು ತಡೆಯುವಂಥದ್ದಲ್ಲ. ಹೊರಗೆ ಎನ್ ಕನೆಕ್ಟರ್ ಮೇಲು. ಅದರ ಮೇಲೂ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಬಿಸಿಲು ತಡೆಯಲು ವಿನೈಲ್ ಟೇಪ್ ಹಾಕಬೇಕು. ಕೊನೆಯ ಸುತ್ತು ಕೆಳಗಿನಿಂದ ಮೇಲಕ್ಕೆ ಹೋಗಲಿ. ಆಗ ಹೆಂಚು ಹೊದಿಸಿದ ಹಾಗೆ ಮೇಲಿನ ಪದರ ಕೆಳಗಿನದನ್ನು ಮುಚ್ಚುತ್ತದೆ, ನೀರು ಜಾರಿಹೋಗುತ್ತದೆ. ಕೇಬಲ್ ಕೋಣೆಯೊಳಗೆ ಬರುವ ಜಾಗದಲ್ಲಿ ಕೆಳಕ್ಕೆ ಒಂದು ಬಾಗು ಬಿಡಿ, ಹನಿ ಅಲ್ಲೇ ತೊಟ್ಟಿಕ್ಕಲಿ.

ಕಿವುಡಾದ ರಿಸೀವರ್

ದೂರದವರ ದನಿ ಬರುತ್ತದೆ, ರಿಪೀಟರ್ ಎತ್ತಿಕೊಳ್ಳುತ್ತದೆ, ತಕ್ಷಣ ಬಿಟ್ಟುಬಿಡುತ್ತದೆ. ಮತ್ತೆ ಎತ್ತಿಕೊಳ್ಳುತ್ತದೆ, ಮತ್ತೆ ಬಿಡುತ್ತದೆ. ಇದು ಡಿಸೆನ್ಸ್‌ನ ಲಕ್ಷಣ: ತನ್ನದೇ ಟ್ರಾನ್ಸ್‌ಮಿಟರ್‌ನ ಗದ್ದಲಕ್ಕೆ ರಿಸೀವರ್ ಕಿವುಡಾಗುತ್ತಿದೆ.

50 ಓಮ್ ಲೈನಿನಲ್ಲಿ 50 ವ್ಯಾಟ್ ಅಂದರೆ 50 ವೋಲ್ಟ್. ರಿಸೀವರ್ ಕೇಳಬೇಕಾದದ್ದು 0.2 ಮೈಕ್ರೋವೋಲ್ಟ್. ಎರಡರ ನಡುವೆ 25 ಕೋಟಿ ಪಟ್ಟು ವ್ಯತ್ಯಾಸ, 2 ಮೀಟರ್ ಬ್ಯಾಂಡ್‌ನಲ್ಲಿ ಕೇಳುವ, ಕಳಿಸುವ ಫ್ರೀಕ್ವೆನ್ಸಿಗಳ ಅಂತರ ಸಾಮಾನ್ಯವಾಗಿ ಬರೀ 600 ಕಿಲೋಹರ್ಟ್ಸ್, ಆಂಟೆನಾ ಒಂದೇ. ಒಂದೇ ಆಂಟೆನಾವನ್ನು ರಿಸೀವರ್, ಟ್ರಾನ್ಸ್‌ಮಿಟರ್ ಎರಡಕ್ಕೂ ಹಂಚುವ ಫಿಲ್ಟರ್ ಡ್ಯುಪ್ಲೆಕ್ಸರ್; ಅದರ ಕ್ಯಾವಿಟಿಗಳು (ಲೋಹದ ಡಬ್ಬಿಗಳು) ಇವೆರಡನ್ನೂ ಬೇರೆ ಇಡುತ್ತವೆ ಅನ್ನುವುದೇ ನನಗೆ ಇಂದಿಗೂ ಆಶ್ಚರ್ಯ.

ಹುಡುಕುವ ಕ್ರಮ ಹೀಗೆ. ದುರ್ಬಲ ಸಿಗ್ನಲ್ ಒಂದನ್ನು ರಿಸೀವರ್‌ಗೆ ಕೊಡಿ, ಸ್ವಲ್ಪ ಸೊರಸೊರ ಅನ್ನುತ್ತಿರಲಿ. ಈಗ ಟ್ರಾನ್ಸ್‌ಮಿಟರ್ ಆನ್ ಮಾಡಿ. ಸೊರಸೊರ ಜಾಸ್ತಿಯಾದರೆ ಡಿಸೆನ್ಸ್ ಇದೆ. ನಂತರ ಟ್ರಾನ್ಸ್‌ಮಿಟರ್ ಆಫ್ ಮಾಡಿ, ಆಂಟೆನಾ ಬದಲು ಡಮ್ಮಿ ಲೋಡ್ (ಪವರ್ ಹೊರಬಿಡದೆ ನುಂಗಿ ಬಿಸಿಯಾಗುವ ರೆಸಿಸ್ಟರ್) ಹಾಕಿ ಅದನ್ನೇ ಮಾಡಿ. ತೊಂದರೆ ಮಾಯವಾದರೆ ದೋಷ ಹೊರಗೆ: ಕೇಬಲ್, ಆಂಟೆನಾ, ಇಲ್ಲವೇ ಟವರ್‌ನಲ್ಲಿ ತುಕ್ಕು ಹಿಡಿದ ಬೋಲ್ಟ್. ತುಕ್ಕು ಹಿಡಿದ ಜೋಡಣೆ ಡಯೋಡ್ ಥರ ವರ್ತಿಸಿ, ಇಲ್ಲದ ಫ್ರೀಕ್ವೆನ್ಸಿಗಳನ್ನು ಹುಟ್ಟಿಸುತ್ತದೆ. ತೊಂದರೆ ಹಾಗೇ ಉಳಿದರೆ ಡ್ಯುಪ್ಲೆಕ್ಸರ್, ಜಂಪರ್ ಕೇಬಲ್, ಸೆಟ್‌ನ ಶೀಲ್ಡಿಂಗ್ ನೋಡಿ. ಸರಿಯಾದ ಉಪಕರಣ ಇಲ್ಲದೆ ಡ್ಯುಪ್ಲೆಕ್ಸರ್ ಸ್ಕ್ರೂ ಸುಮ್ನೆ ತಿರುಗಿಸಬೇಡಿ.

ಬ್ಯಾಟರಿ

ಸೋಲಾರ್ ಇದ್ದರೆ ದಿನದ ಖರ್ಚು ಮೊದಲು ಲೆಕ್ಕ ಹಾಕಿ. ಕೇಳುತ್ತಾ ಕೂರಲು 0.5 ಆಂಪಿಯರ್ ಅಂದರೆ ದಿನಕ್ಕೆ 12 ಆಂಪಿಯರ್-ಅವರ್. 10 ಆಂಪಿಯರ್‌ನಂತೆ 2 ಗಂಟೆ ಟ್ರಾನ್ಸ್‌ಮಿಟ್ ಮಾಡಿದರೆ ಇನ್ನೂ 20. ಒಟ್ಟು 32. ಮೂರು ದಿನ ಮೋಡ ಕವಿದರೆ 96. ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ 200ರ ಬ್ಯಾಟರಿ ಬೇಕು. ಚಳಿಯಲ್ಲಿ ಅದರ ಸಾಮರ್ಥ್ಯ ಇಳಿಯುತ್ತದೆ, ಖಾಲಿಯಾದದ್ದು ಹೆಪ್ಪುಗಟ್ಟುವುದೂ ಬೇಗ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಗುರ, ಹೊತ್ತೊಯ್ಯಲು ಸುಲಭ. ಆದರೆ 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಹಾಳಾಗುತ್ತದೆ.

ಉಳಿದದ್ದು ಚುಟುಕಾಗಿ. ಗೋಡೆಯ ತೂತಿಗೆ ಸ್ಟೀಲ್ ವುಲ್ ತುರುಕಿ, ಇಲಿ ಕಾಟ ತಪ್ಪುತ್ತದೆ. ಸಿಡಿಲಿನಿಂದ ಕಾಯುವ ಅರೆಸ್ಟರ್, ಸೆಟ್, ಟವರ್ ಎಲ್ಲದರ ಅರ್ತಿಂಗ್ ಒಂದಕ್ಕೊಂದು ಸೇರಿರಲಿ. ಗುಡುಗು ಕೇಳಿದರೆ ಟವರ್ ಹತ್ತಬೇಡಿ. ಅಕ್ಕಪಕ್ಕ ಬೇರೆ ಟ್ರಾನ್ಸ್‌ಮಿಟರ್‌ಗಳಿದ್ದರೆ ಅವುಗಳ ಆಂಟೆನಾ ಮುಂದೆ ನಿಲ್ಲಬೇಡಿ.

ಬೀಗ ಹಾಕುವ ಮುಂಚೆ ಫಾರ್ವರ್ಡ್ ಪವರ್, ರಿಫ್ಲೆಕ್ಟೆಡ್ ಪವರ್, ಬ್ಯಾಟರಿ ವೋಲ್ಟೇಜ್ ಮೂರನ್ನೂ ದಿನಾಂಕ ಹಾಕಿ ಬರೆದಿಡಿ. ಆಮೇಲೆ ಕೆಳಗೆ ತುಂಬಾ ದೂರ ಇರುವ ಒಬ್ಬರ ಹತ್ತಿರ ಕಡಿಮೆ ಪವರ್‌ನಲ್ಲಿ ಮಾತಾಡಿಸಿ. ಪಕ್ಕದಲ್ಲೇ ನಿಂತು ಹ್ಯಾಂಡ್‌ಹೆಲ್ಡ್ ಒತ್ತಿದರೆ ಕಿವುಡು ರಿಸೀವರ್ ಕೂಡ ಓಗೊಡುತ್ತದೆ.