ಪೊರೆಯಿಂದ ಬಿಡಿಸಿದ ಸಿಡಿ4

ಪ್ರಯೋಗಾಲಯಗಳಿಗೆ ಬರುವ ಶುದ್ಧ ಸಿಡಿ4, ಅಂದರೆ ರೋಗನಿರೋಧಕ ಕೋಶಗಳ ಮೇಲಿನ ಒಂದು ಪ್ರೋಟೀನು, ಹೆಚ್ಚಾಗಿ ಒಂದು ಪುಟ್ಟ ಸೀಸೆಯ ತಳದಲ್ಲಿ ಒಣಪುಡಿಯಾಗಿ ಕೂತಿರುತ್ತದೆ. ಅದರ ತೂಕ ಮೈಕ್ರೋಗ್ರಾಂಗಳ ಲೆಕ್ಕದಲ್ಲಿರುವುದರಿಂದ ಬರಿಗಣ್ಣಿಗೆ ಸೀಸೆ ಖಾಲಿಯೆಂದೇ ತೋರಬಹುದು. ಹಾಗಾಗಿ ಮುಚ್ಚಳ ತೆರೆಯುವ ಮೊದಲು ಸೀಸೆಯನ್ನು ಸೆಂಟ್ರಿಫ್ಯೂಜ್‌ನಲ್ಲಿ ಕೆಲವು ಕ್ಷಣ ತಿರುಗಿಸಿ, ಗೋಡೆಗೆ ಅಂಟಿದ್ದನ್ನೆಲ್ಲ ತಳಕ್ಕೆ ಇಳಿಸಿಕೊಳ್ಳುವುದು ರೂಢಿ. ದ್ರಾವಣವಾದ ಮೇಲೆ ಅದನ್ನು ಪದೇ ಪದೇ ಹೆಪ್ಪುಗಟ್ಟಿಸಿ ಕರಗಿಸಿದರೆ ಪ್ರೋಟೀನಿನ ಮಡಿಕೆಗಳು ಕೆಡುತ್ತವೆ. ಆದ್ದರಿಂದ ಒಂದೊಂದು ಪ್ರಯೋಗಕ್ಕೆ ಬೇಕಾದಷ್ಟನ್ನು ಮೊದಲೇ ಬೇರೆ ಬೇರೆ ಕೊಳವೆಗಳಿಗೆ ಹಂಚಿ ಶೈತ್ಯದಲ್ಲಿ ಇಡುತ್ತಾರೆ.

ದೇಹದಲ್ಲಿ ಈ ಪ್ರೋಟೀನು ಇರುವ ಬಗೆಯೇ ಬೇರೆ. ಮುಖ್ಯವಾಗಿ ಸಹಾಯಕ ಟಿ-ಕೋಶಗಳ ಪೊರೆಯಲ್ಲಿ ನೆಟ್ಟುಕೊಂಡಿರುವ ಸಿಡಿ4, 433 ಅಮೈನೋ ಆಮ್ಲಗಳ ಒಂದೇ ಸರಪಳಿ. ಅದರಲ್ಲಿ ಸುಮಾರು 370 ಅಮೈನೋ ಆಮ್ಲಗಳು ನಾಲ್ಕು ಘಟಕಗಳಾಗಿ ಮಡಿಚಿಕೊಂಡು ಕೋಶದ ಹೊರಗೆ ಚಾಚಿರುತ್ತವೆ, ಒಂದು ಚಿಕ್ಕ ತುಂಡು ಪೊರೆಯನ್ನು ಹಾದುಹೋಗುತ್ತದೆ, ಉಳಿದ ಮೋಟು ಬಾಲ ಕೋಶದೊಳಗೆ ಎಲ್‌ಸಿಕೆ ಎಂಬ ಕಿಣ್ವವನ್ನು ಹಿಡಿದುಕೊಂಡಿರುತ್ತದೆ. ಇನ್ನೊಂದು ಕೋಶವು ತನ್ನ ಎಂಎಚ್‌ಸಿ ಎರಡನೇ ವರ್ಗದ ಅಣುವಿನ ಮೇಲೆ ರೋಗಾಣುವಿನ ಚೂರೊಂದನ್ನು ಒಡ್ಡಿದಾಗ, ಟಿ-ಕೋಶದ ಗ್ರಾಹಕ ಆ ಚೂರನ್ನು ಗುರುತಿಸುತ್ತದೆ. ಸಿಡಿ4 ಅದೇ ಎಂಎಚ್‌ಸಿ ಅಣುವನ್ನು ಪಕ್ಕದಿಂದ ಮುಟ್ಟಿ ಕಿಣ್ವವನ್ನು ಸ್ಥಳಕ್ಕೆ ತಂದುಕೊಡುತ್ತದೆ.

ಸೀಸೆಗೆ ಬರುವುದು ಇದರ ಹೊರಭಾಗ ಮಾತ್ರ. ಪೊರೆ ದಾಟುವ ತುಂಡು ನೀರಿಗೆ ಒಗ್ಗದು. ಅದನ್ನು ಉಳಿಸಿಕೊಂಡರೆ ಪ್ರೋಟೀನುಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಆದ್ದರಿಂದ ಜೀನಿನ ಆ ಭಾಗವನ್ನೂ ಬಾಲದ ಭಾಗವನ್ನೂ ಕತ್ತರಿಸಿ, ತುದಿಗೆ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದ ಸಾಲೊಂದನ್ನು ಸೂಚಿಸುವ ತುಣುಕನ್ನು ಜೋಡಿಸಿ, ಮನುಷ್ಯನ ಎಚ್‌ಇಕೆ 293 ಕೋಶಗಳಿಗೋ ಹ್ಯಾಮ್‌ಸ್ಟರ್‌ನ ಅಂಡಾಶಯದ ಕೋಶಗಳಿಗೋ ಸೇರಿಸುತ್ತಾರೆ. ಕೋಶಗಳು ಪ್ರೋಟೀನನ್ನು ತಯಾರಿಸಿ ಸುತ್ತಲಿನ ದ್ರವಕ್ಕೆ ಬಿಡುತ್ತವೆ. ಆ ದ್ರವವನ್ನು ನಿಕಲ್ ಲೋಹವುಳ್ಳ ಶೋಧಕ ಕಂಬದ ಮೂಲಕ ಹಾಯಿಸಿದರೆ ಹಿಸ್ಟಿಡಿನ್ ಬಾಲವುಳ್ಳದ್ದು ನಿಕಲ್ಲಿಗೆ ಅಂಟಿ ಅಲ್ಲೇ ನಿಂತು, ಉಳಿದುದರಲ್ಲಿ ಬಹುಪಾಲು ಹರಿದುಹೋಗುತ್ತದೆ. ಬ್ಯಾಕ್ಟೀರಿಯಾದಲ್ಲಿ ಬೆಳೆಸುವುದು ಅಗ್ಗವಾದರೂ ಸಾಮಾನ್ಯ ಪ್ರಯೋಗಾಲಯದ ಇ. ಕೋಲೈ, ಸಿಡಿ4ರ ಮೂರನೆಯ ಮತ್ತು ನಾಲ್ಕನೆಯ ಘಟಕಗಳಿಗೆ ಸೇರಬೇಕಾದ ಸಕ್ಕರೆ ಸರಪಳಿಗಳನ್ನು ಸೇರಿಸುವುದಿಲ್ಲ. ಮೊದಲ ಎರಡು ಘಟಕಗಳಷ್ಟೇ ಸಾಕೆನ್ನುವವರಿಗೆ ಈ ಕೊರತೆ ತೊಡಕಲ್ಲ, ಏಕೆಂದರೆ ಅಲ್ಲಿ ಸಕ್ಕರೆ ಸೇರುವ ಜಾಗವೇ ಇಲ್ಲ.

ಹೀಗೆ ಬಿಡಿಸಿ ತಂದ ಪ್ರೋಟೀನು ತನ್ನ ಮೂಲದಂತೆಯೇ ವರ್ತಿಸುತ್ತದೆಯೇ? ಪ್ರಶ್ನೆ ಯಾವುದೆಂಬುದರ ಮೇಲೆ ಉತ್ತರ ನಿಂತಿದೆ. ಎಂಎಚ್‌ಸಿಯೊಡನೆ ಸಿಡಿ4ರ ಬಂಧ ಎಷ್ಟು ದುರ್ಬಲವೆಂದರೆ, ಎರಡನ್ನೂ ಬಿಡಿಯಾಗಿ ದ್ರಾವಣದಲ್ಲಿ ಬೆರೆಸಿದರೆ ಅವು ಕೂಡಿದ್ದನ್ನು ಅಳೆಯುವುದೇ ಕಷ್ಟ. ಪೊರೆಯ ಮೇಲೆ ಅನೇಕ ಅಣುಗಳು ಒತ್ತಾಗಿ ನಿಂತು, ಗ್ರಾಹಕದ ಜೊತೆಗೂಡಿ ಕೆಲಸ ಮಾಡುವುದರಿಂದಲೇ ಆ ದುರ್ಬಲ ಸ್ಪರ್ಶಕ್ಕೆ ಬೆಲೆ ಬರುತ್ತದೆ. ಎಚ್‌ಐವಿಯ ಹೊರಕವಚದಲ್ಲಿರುವ ಜಿಪಿ120 ಪ್ರೋಟೀನಾದರೋ ಅದೇ ಒಂಟಿ ಸಿಡಿ4ನ್ನು ಲಕ್ಷ ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ.

ಈ ಬಿಗಿಹಿಡಿತ ದೊಡ್ಡ ಆಸೆಯೊಂದನ್ನು ಹುಟ್ಟಿಸಿತ್ತು. ವೈರಸ್ ಸಿಡಿ4ರ ಮೂಲಕವೇ ಟಿ-ಕೋಶವನ್ನು ಹೊಗುತ್ತದೆಂದು 1984ರಲ್ಲಿ ಗೊತ್ತಾಯಿತು. ಮರುವರ್ಷ ಅಮೆರಿಕದ ವಿಜ್ಞಾನಿ ರಿಚರ್ಡ್ ಆಕ್ಸೆಲ್ ಅವರ ತಂಡ ಅದರ ಜೀನನ್ನು ಪ್ರತ್ಯೇಕಿಸಿತು. ಪೊರೆಯಿಂದ ಬಿಡಿಸಿದ, ಕರಗುವ ಸಿಡಿ4ನ್ನು ರಕ್ತಕ್ಕೆ ಬಿಟ್ಟರೆ ವೈರಸ್ ಆ ಸುಳ್ಳು ಬಾಗಿಲಿಗೇ ಅಂಟಿಕೊಂಡು ನಿಜವಾದ ಕೋಶವನ್ನು ಬಿಟ್ಟೀತು ಎಂಬುದು ಆಗಿನ ತರ್ಕ. ಪ್ರಯೋಗಾಲಯದಲ್ಲಿ ಬಹುಕಾಲ ಬೆಳೆಸಿದ ವೈರಸ್ ತಳಿಗಳ ಮೇಲೆ ಅದು ಸೊಗಸಾಗಿ ಫಲಿಸಿತು. ರೋಗಿಗಳಿಂದ ನೇರವಾಗಿ ತೆಗೆದ ತಳಿಗಳನ್ನು ತಡೆಯಲು ಮಾತ್ರ ನೂರಾರು ಪಟ್ಟು ಹೆಚ್ಚು ಪ್ರೋಟೀನು ಬೇಕಾಯಿತೆಂದು 1990ರಲ್ಲಿ ಕಂಡುಬಂತು. ಮೇಲಾಗಿ ಚುಚ್ಚಿದ ಪ್ರೋಟೀನು ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಔಷಧವಾಗಿ ಅದು ಅಲ್ಲಿಗೆ ಸೋತಿತು. ನನ್ನ ದೃಷ್ಟಿಯಲ್ಲಿ ಇಲ್ಲಿ ಎಡವಿಸಿದ್ದು ಪ್ರೋಟೀನಿಗಿಂತ ಹೆಚ್ಚಾಗಿ ಪರೀಕ್ಷೆಗೆ ಆರಿಸಿಕೊಂಡ ಪಳಗಿದ ವೈರಸ್ಸೇ.

ಸಂಶೋಧನೆಯ ಸಲಕರಣೆಯಾಗಿ ಅದರ ಆಯುಸ್ಸು ಆಗಿನ್ನೂ ಶುರುವಾಗಿತ್ತಷ್ಟೇ. ಸಿಡಿ4, ಜಿಪಿ120 ಮತ್ತು ಒಂದು ಪ್ರತಿಕಾಯದ ತುಣುಕು ಒಟ್ಟಿಗೆ ಕೂಡಿರುವ ಸ್ಫಟಿಕದ ರಚನೆ 1998ರಲ್ಲಿ ಪ್ರಕಟವಾದಾಗ, ಸಿಡಿ4ರ 43ನೇ ಸ್ಥಾನದ ಫಿನೈಲ್‌ಅಲನೈನ್ ಎಂಬ ಅಮೈನೋ ಆಮ್ಲ ವೈರಸ್ ಪ್ರೋಟೀನಿನ ಕುಳಿಯೊಂದರ ಬಾಯಿಗೆ ಸರಿಯಾಗಿ ಹೊಂದಿ ಕೂತಿರುವುದು ಕಾಣಿಸಿತು. ಸಿಡಿ4 ಹಿಡಿದೊಡನೆ ಜಿಪಿ120ರ ಆಕಾರ ಬದಲಾಗಿ, ಸಿಸಿಆರ್5ನಂಥ ಎರಡನೆಯ ಗ್ರಾಹಕಕ್ಕೆ ಕೂಡಿಕೊಳ್ಳುವ ಜಾಗ ಹೊರಗೆ ತೆರೆದುಕೊಳ್ಳುತ್ತದೆ. ಅದಕ್ಕೂ ಮೊದಲು ಆ ಜಾಗ ಪ್ರತಿಕಾಯಗಳ ಕೈಗೆ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಯಾವ ಪ್ರತಿಕಾಯ ಅಲ್ಲಿಗೆ ಅಂಟುತ್ತದೆಂದು ಪರೀಕ್ಷಿಸಬೇಕಾದವರು ಜಿಪಿ120ಕ್ಕೆ ಮೊದಲು ಕರಗುವ ಸಿಡಿ4ನ್ನು ಬೆರೆಸಿ, ಅದನ್ನು ಬೆರೆಸದ ಇನ್ನೊಂದು ಮಾದರಿಯನ್ನು ಪಕ್ಕದಲ್ಲಿಟ್ಟು, ಎರಡರ ಅಳತೆಗಳನ್ನು ಹೋಲಿಸುತ್ತಾರೆ.